ಮೊಲದ ಗೂಡಿಗೆ ಬಂದ ಕಳ್ಳ

ದೀಪ ಸಣ್ಣಗೆ ಮಾಡಿದ್ದೀನಿ, ಕಾಲು ಚಾಚ್ಕೊಂಡು ಮಲಕ್ಕೊ ಕೂಸೇ. ನಡುನಡುವೆ ಹೂಂ ಅನ್ಬೇಕು, ಗೊತ್ತಾಯ್ತಾ? ಹೂಂ ಅನ್ನಲಿಲ್ಲ ಅಂದ್ರೆ ನೀನು ಕತೆ ಬಿಟ್ಟು ಬೇರೆ ಏನೋ ಕಿತಾಪತಿ ಯೋಚನೆ ಮಾಡ್ತಿದ್ದೀಯ ಅಂತ ನನಗೆ ಅನುಮಾನ ಬರುತ್ತೆ.

ಒಂದಾನೊಂದು ಕಾಲದಲ್ಲಿ, ಸೂರ್ಯ ಈಗಿನದಕ್ಕಿಂತ ಒಂದು ಮಾರು ಕೆಳಗೇ ಓಡಾಡ್ತಿದ್ದ ಕಾಲದಲ್ಲಿ, ಕಾವಲಿಗುಡ್ಡ ಅಂತ ಒಂದು ಊರಿತ್ತಂತೆ. ಸುತ್ತಾ ಬರೀ ಬಂಡೆ. ಬೇಸಿಗೆ ಬಂತು ಅಂದ್ರೆ ಆ ಬಂಡೆ ಮೇಲೆ ಒಣಗೋಕಿಟ್ಟ ಹಪ್ಪಳ ಸುಟ್ಟೇ ಹೋಗ್ತಿತ್ತಂತೆ. ಆ ಊರಲ್ಲಿ ತಿಪ್ಪಮ್ಮ ಅಂತ ಒಬ್ಬಳಿದ್ಲಂತೆ. ಕುರಿ ಸಾಕೋ ಮನೆ. ಗಂಡ ತೀರ್ಕೊಂಡಿದ್ದ, ಪಾಲಯ್ಯ ಅಂತ ಒಬ್ಬನೇ ಮಗ. ತಿಪ್ಪಮ್ಮನಿಗೆ ಯಾವುದೂ ಕಮ್ಮಿ ಇರ್ಲಿಲ್ಲ, ಅನುಮಾನ ಒಂದು ಸ್ವಲ್ಪ ಜಾಸ್ತಿ ಇತ್ತಂತೆ. ಹಾಲು ಉಕ್ಕಿದ್ರೆ ಯಾರೋ ಬೇಕಂತ್ಲೇ ಉರಿ ಜಾಸ್ತಿ ಮಾಡಿದ್ದಾರೆ ಅನ್ನೋಳು, ಉಕ್ಕದೇ ಇದ್ರೆ ಯಾರೋ ನೀರು ಬೆರೆಸಿದ್ದಾರೆ ಅನ್ನೋಳು. ಕಾಗೆ ಕೂಗಿದ್ರೆ ಯಾರ ಮನೆ ಕಡೆ ಮುಖ ಮಾಡಿ ಕೂಗ್ತು ಅಂತ ಅಂಗಳಕ್ಕೆ ಬಂದು ನೋಡೋಳು. ಸೊಂಟದಲ್ಲಿ ಒಂದು ದೊಡ್ಡ ಕೀಲಿಗೊಂಚಲು ಇತ್ತು, ನಡೆದ್ರೆ ಝಣ್ ಝಣ್ ಅನ್ನೋದು, ನಿದ್ದೆಗಣ್ಣಲ್ಲೂ ಅದನ್ನ ಮುಟ್ಟಿ ಮುಟ್ಟಿ ನೋಡ್ಕೊಳ್ಳೋಳಂತೆ.

ಆಮೇಲೆ ಪಾಲಯ್ಯನಿಗೆ ಮದುವೆ ಆಯ್ತಂತೆ, ದೂರದ ಊರಿಂದ ಹೊನ್ನೂರಿ ಅನ್ನೋ ಹುಡುಗಿ ಸೊಸೆಯಾಗಿ ಬಂದ್ಲಂತೆ. ಮದುವೆಯಾಗಿ ಹೋಗೋ ಹೆಣ್ಣಿಗೆ ತವರಿನೋರು ಬಳುವಳಿ ಅಂತ ಒಂದು ಜೀವ ಕೊಟ್ಟು ಕಳಿಸೋದು ಆ ಕಡೆ ಪದ್ಧತಿ. ಇದ್ದೋರು ಹಸು ಕೊಡ್ತಾರೆ, ಇಲ್ಲದೋರು ಒಂದು ಆಡೋ, ಮೊಟ್ಟೆ ಇಡೋ ಕೋಳಿನೋ ಕೊಡ್ತಾರೆ. ಹೊನ್ನೂರಿ ಬುಟ್ಟಿ ತಂದು ಹೊಸ್ತಿಲಲ್ಲಿ ಇಟ್ಟಾಗ ಒಳಗಿಂದ ಮೂರು ಮೊಲ ಮೂಗು ಕುಣಿಸ್ಕೊಂಡು ಎದ್ದು ನಿಂತ್ವಂತೆ. ಬೆಳ್ಳಗಿದ್ದದ್ದು ಹಾಲಿ, ಬೂದು ಬಣ್ಣದ್ದು ಬೂದಿ, ಮುಷ್ಟಿಯಷ್ಟೇ ಇದ್ದದ್ದು ಸಣ್ಣಿ.

ತಿಪ್ಪಮ್ಮ ಮೂಗು ಮುರಿದ್ಲಂತೆ. ಇವು ಹಾಲು ಕೊಡ್ತವಾ? ಇಲ್ಲ. ಮೊಟ್ಟೆ ಇಡ್ತವಾ? ಇಲ್ಲ. ಕಳ್ಳ ಬಂದ್ರೆ ಬೊಗಳ್ತವಾ? ಅದೂ ಇಲ್ಲ. ಹಂಗಾದ್ರೆ ಯಾಕೆ ಕಳಿಸಿದ್ರು, ಇದರ ಹಿಂದೆ ಏನೋ ಐತೆ ಅಂದ್ಕೊಂಡ್ಲಂತೆ. ಕುರಿ ಬ್ಯಾ ಅನ್ನುತ್ತೆ, ನಾಯಿ ಬೌ ಅನ್ನುತ್ತೆ, ಇವು ನೋಡಿದ್ರೆ ಬೆಳಗಿಂದ ಸಂಜೆವರೆಗೂ ಪಿಟಕ್ ಅನ್ನಲ್ಲ. ಇಷ್ಟು ಸುಮ್ಮನೆ ಇರೋ ಪ್ರಾಣಿ ಏನೋ ಮುಚ್ಚಿಡ್ತಾ ಐತೆ ಅಂತ ಅವಳಿಗೆ ಗಟ್ಟಿ ಅನುಮಾನ ಬಂತಂತೆ.

ಅಷ್ಟರಲ್ಲಿ ಬೇಸಿಗೆ ಶುರುವಾಯ್ತು, ಪಾಲಯ್ಯ ಕುರಿ ಹೊಡ್ಕೊಂಡು ಮೇವು ಇರೋ ಕಡೆ ವಲಸೆ ಹೊರಟ, ಮಳೆ ಬಿದ್ದ ಮೇಲೇ ಬರೋದು. ಹೊರಡುವಾಗ ಅವ್ವಾ, ಇವಳು ಹೊಸಬಳು, ನೋಡ್ಕೊ ಅಂದನಂತೆ. ತಿಪ್ಪಮ್ಮ ನೋಡ್ಕೊತೀನಿ ಅಂದ್ಲಂತೆ. ನೋಡೋದು ಅಂದ್ರೆ ಅವಳಿಗೆ ಕಾವಲು ಕಾಯೋದು ಅಂತ್ಲೇ ಅರ್ಥ.

ಹೂಂ ಅನ್ನು ಮತ್ತೆ. ಹ್ಞಾಂ, ಹಂಗೆ.

ಆಮೇಲೆ ಒಂದು ಬೆಳಗ್ಗೆ ಏನಾಯ್ತಂತೆ, ತಿಪ್ಪಮ್ಮ ಅಂಗಳದಲ್ಲಿ ಕೂತು ಅವರೆಕಾಯಿ ಸುಲೀತಿದ್ಲು, ಆ ಸಣ್ಣಿ ಕುಪ್ಪಳಿಸ್ಕೊಂಡು ಬಂದು ಅವಳ ಪಾದದ ಮೇಲೆ ಹತ್ತಿ ಕೂತು ನಿದ್ದೆ ಮಾಡಿಬಿಡ್ತಂತೆ. ತಿಪ್ಪಮ್ಮ ಕಾಲು ಅಲ್ಲಾಡಿಸಲಿಲ್ಲ. ಕಾಲು ಜೋಮು ಹಿಡೀತು, ಆದ್ರೂ ಅಲ್ಲಾಡಿಸಲಿಲ್ಲ. ಅವತ್ತಿಂದ ಸೆರಗಲ್ಲಿ ಕೊತ್ತಂಬರಿ ದಂಟು ಬಚ್ಚಿಟ್ಕೊಂಡು ಹೋಗೋದು, ಯಾರಾದ್ರೂ ನೋಡ್ತಿದ್ದಾರಾ ಅಂತ ಆಚೆ ಈಚೆ ಕಣ್ಣು ಹಾಯಿಸೋದು, ಸಣ್ಣಿ ಬಾಯಿಗೆ ಇಟ್ಟು ಬರೋದು. ತನಗೆ ಅದರ ಮೇಲೆ ಪ್ರೀತಿ ಬಂದಿದೆ ಅಂತ ಯಾರಿಗಾದ್ರೂ ಗೊತ್ತಾಗಿಬಿಟ್ರೆ ಅನ್ನೋ ಭಯ ಅವಳಿಗೆ. ಪ್ರೀತಿ ಬಂದ ಮೇಲೆ ಅನುಮಾನ ಕಮ್ಮಿ ಆಗ್ಬೇಕಲ್ವಾ? ಅವಳಿಗೆ ದುಪ್ಪಟ್ಟಾಯ್ತಂತೆ. ಯಾರು ಕದೀತಾರೋ, ಯಾರ ಕಣ್ಣು ಬೀಳುತ್ತೋ ಅಂತ ಮೈಯೆಲ್ಲಾ ಕಣ್ಣಾಗಿ ಕೂತಿರೋಳು.

ಮೊಲದ ಗೂಡು ಬಿದಿರಿಂದು, ಅಂಗಳದ ಬೇವಿನ ಮರದ ಕೆಳಗೆ ಇತ್ತು. ಒಂದಿನ ತಿಪ್ಪಮ್ಮನಿಗೆ ಒಂದು ವಿಷಯ ಕಣ್ಣಿಗೆ ಬಿತ್ತಂತೆ. ಬೆಳಗ್ಗೆ ಗೂಡು ಮರದ ಈ ಕಡೆ ಇತ್ತು, ಮಧ್ಯಾಹ್ನ ನೋಡಿದ್ರೆ ಆ ಕಡೆ ಐತೆ, ಸಂಜೆ ನೋಡಿದ್ರೆ ಗೋಡೆ ಪಕ್ಕ ಐತೆ. ಗೂಡಿಗೇನು ಕಾಲು ಬಂತಾ? ಯಾರೋ ಕಳ್ಳ ಇವತ್ತಿಷ್ಟು ನಾಳೆಯಿಷ್ಟು ಸರಿಸಿ ಸರಿಸಿ ಬೀದಿಗೆ ಒಯ್ಯೋ ಹುನ್ನಾರ ಮಾಡವ್ನೆ ಅಂದ್ಕೊಂಡ್ಲಂತೆ. ಅತ್ತೆ, ಅದು ನಾನು ಅಂತ ಹೇಳೋಕೆ ಹೊನ್ನೂರಿ ಬಾಯಿ ತೆಗೆದ್ಲು. ಕೇಳೋಕೆ ಮುಂಚೆ ಬಾಯಿ ತೆಗೆಯೋರ ಮೇಲೆ ನನಗೆ ಮೊದಲು ಅನುಮಾನ ಅಂದುಬಿಟ್ಲಂತೆ ತಿಪ್ಪಮ್ಮ. ತಿಪ್ಪಮ್ಮ ಕುರಿ ಕಟ್ಟೋ ಹಗ್ಗ ತಂದು ಗೂಡನ್ನ ಒಂದು ಗೂಟಕ್ಕೆ ಬಿಗಿದು ಕಟ್ಟಿದ್ಲಂತೆ, ಅಂಥಿಂಥ ಗಂಟಲ್ಲ, ಟಗರು ಎಳೆದ್ರೂ ಬಿಚ್ಚದ ಗಂಟು.

ಗೂಡು ಅಲ್ಲೇ ನಿಂತ್ಕೊಳ್ತು. ನೆರಳು ನಿಂತ್ಕೊಳ್ಳುತ್ತಾ? ಅದು ತನ್ನ ಪಾಡಿಗೆ ಸರ್ಕೊಂಡು ಹೋಯ್ತಂತೆ. ಹೊನ್ನೂರಿ ಬಾವಿಗೆ ಹೋಗಿದ್ಲು, ತಿಪ್ಪಮ್ಮ ಬೀದಿ ಬಾಗಿಲಲ್ಲಿ ಕಳ್ಳನಿಗೆ ಕಾಯ್ತಾ ಕೂತಿದ್ಲು. ಬಿಸಿಲು ನೆಟ್ಟಗೆ ಗೂಡಿನ ಮೇಲೆ ಬಿತ್ತು. ಹಾಲಿ ಕಾಲು ಚೆಲ್ಲಿ ಮಗ್ಗುಲಾಗಿ ಬಿದ್ಕೊಂಡು, ಹೊಟ್ಟೆ ಪಟಪಟ ಅಂತ ಹೊಡ್ಕೊಳ್ಳೋ ಹಂಗೆ ಉಸಿರು ಬಿಡ್ತಿತ್ತಂತೆ. ತಿಪ್ಪಮ್ಮ ಒಳಗೆ ಬಂದು ನೋಡೋ ಹೊತ್ತಿಗೆ ಹಗ್ಗ ಕುಯ್ದು ಬಿದ್ದಿತ್ತು, ಗೂಡು ನೆರಳಲ್ಲಿತ್ತು, ಹಾಲಿ ಬಿದ್ದಲ್ಲೇ ತಲೆ ಎತ್ತಿ, ಸುಧಾರಿಸ್ಕೊಂಡು ನೀರು ಕುಡೀತಿತ್ತು. ಹಗ್ಗ ಕುಯ್ದೋರು ಯಾರು ಅಂತ ಹೊನ್ನೂರಿ ಹೇಳಲಿಲ್ಲ, ಹೇಳೋಕೆ ಹೆದರಿಕೆ. ನೋಡಿದ್ಯಾ, ಕಳ್ಳನ ಕೈಯಲ್ಲಿ ಕುಡುಗೋಲೂ ಐತೆ ಅಂತ ತಿಪ್ಪಮ್ಮ ಸೊಂಟದ ಕೀಲಿಗೊಂಚಲು ಮುಟ್ಟಿ ನೋಡ್ಕೊಂಡ್ಲಂತೆ.

ಆಮೇಲೆ ಪಕ್ಕದ ಮನೆ ಬೊಮ್ಮಕ್ಕ ಬಂದ್ಲಂತೆ. ಒಳ್ಳೆ ಹೆಂಗಸು, ಆದ್ರೆ ಬಾಯಿ ಸ್ವಲ್ಪ ದೊಡ್ಡದು. ಬಂದೋಳು ಗೂಡಿನ ಮುಂದೆ ಕೂತು, ಅಯ್ಯೋ ಈ ಬೂದಿ ಎಷ್ಟು ಗುಂಡಗವ್ಳೆ, ಬೆಣ್ಣೆ ಮುದ್ದೆ ಇದ್ದಂಗವ್ಳೆ ಅಂದ್ಲಂತೆ. ಅಷ್ಟೇ ಸಾಕಾಯ್ತು. ಓಹೋ, ಕಣ್ಣು ಹಾಕ್ದೋಳು ಇವಳೇ, ಹಾಲಿ ಬಿದ್ದದ್ದೂ ಇವಳ ದೃಷ್ಟಿಗೇ ಅಂತ ತಿಪ್ಪಮ್ಮ ಲೆಕ್ಕ ಹಾಕಿದ್ಲು. ಬೊಮ್ಮಕ್ಕ ಆಚೆ ಹೋಗಿದ್ದೇ ತಡ, ಬಾಣಲೆ ಮಸಿ ತಂದು ಮೂರು ಮೊಲದ ಹಣೆಗೂ ಇಟ್ಲು, ಅಟ್ಟದ ಮೇಲಿನ ಕರಿ ಕಂಬಳಿ ಇಳಿಸಿ ಗೂಡಿಗೆ ನಾಲ್ಕೂ ಕಡೆ ಹೊದಿಸಿ ಮೇಲೆ ಕಲ್ಲು ಹೇರಿದ್ಲಂತೆ.

ಹೊನ್ನೂರಿಗೆ ಈ ಸಲ ತಡೆಯೋಕೆ ಆಗಲಿಲ್ಲ. ಅತ್ತೆ, ಒಳಗೆ ಸೆಕೆ ಆಗ್ತದೆ, ಗಾಳಿ ಆಡ್ಬೇಕು, ಇವು ತಡ್ಕೊಳ್ಳಲ್ಲ ಅಂದ್ಲಂತೆ. ತಿಪ್ಪಮ್ಮ ನಕ್ಕುಬಿಟ್ಲು. ಏನು ಹೇಳ್ತೀಯೇ, ನಮ್ಮ ವಂಶದೋರು ಬಿಸಿಲಿಗೂ ಕಂಬಳೀನೇ ಹೊದ್ದು ಕುರಿ ಕಾದೋರು, ಮೈತುಂಬ ಉಣ್ಣೆ ಇರೋ ಕುರಿ ಬಯಲಲ್ಲಿ ಮೇಯ್ದು ಬರುತ್ತೆ, ಈ ನಿನ್ನ ಮೊಲ ಅದಕ್ಕಿಂತ ನಾಜೂಕಾ ಅಂತ ಕೇಳಿದ್ಲಂತೆ. ಕುರಿ ಮನೆಯೋಳು ಅಲ್ವಾ, ಅವಳಿಗೆ ಜಗತ್ತಿನಲ್ಲಿ ಇರೋ ಪ್ರಾಣಿಯೆಲ್ಲ ಕುರಿ ಲೆಕ್ಕಾನೇ.

ಮಾರನೇ ದಿನ ಮಧ್ಯಾಹ್ನ ಕಂಬಳಿ ಎತ್ತಿ ನೋಡಿದ್ರೆ ಬೂದಿ ಬಾಯಿ ತೆರ್ಕೊಂಡು, ಗದ್ದವೆಲ್ಲ ಜೊಲ್ಲು ಮಾಡ್ಕೊಂಡು ಬಿದ್ದಿತ್ತಂತೆ. ತಿಪ್ಪಮ್ಮ ಅಯ್ಯಯ್ಯೋ ಅಂತ ಮೆಣಸಿನಕಾಯಿ ನಿವಾಳಿಸೋಕೆ ಒಳಗೆ ಓಡಿದ್ಲು. ವಾಪಸ್ ಬರೋ ಅಷ್ಟರಲ್ಲಿ ಕಂಬಳಿ ಮಡಿಸಿ ಕಟ್ಟೆ ಮೇಲೆ ಇಟ್ಟಿತ್ತು, ಬೂದಿ ಕಣ್ಣು ಬಿಟ್ಟಿತ್ತಂತೆ. ಕಂಬಳಿನೂ ತೆಗೀತಾನಾ ಕಳ್ಳ! ತೆಗೆದು ಮಡಿಸಿ ಬೇರೆ ಇಡ್ತಾನಾ! ಇಂಥ ಅಚ್ಚುಕಟ್ಟಿನ ಕಳ್ಳನ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ ಅಂತ ತಿಪ್ಪಮ್ಮ ಬಾಯಿ ಮೇಲೆ ಬೆರಳಿಟ್ಕೊಂಡ್ಲಂತೆ.

ನಗ್ತೀಯಾ? ನಗು, ಮುಂದೆ ಅಳು ಬರೋ ಭಾಗ ಐತೆ.

ಆ ಮನೇಲಿ ಒಂದು ಕಣಜದ ಕೋಣೆ ಇತ್ತಂತೆ, ಕಾಳು ಕಡ್ಡಿ ತುಂಬಿಡೋದು. ಮೇಲೆ ಕಲ್ಲು ಚಪ್ಪಡಿ, ಒಂದೇ ಬಾಗಿಲು, ಹಿಂದಿನ ಗೋಡೇಲಿ ಕೈ ಹೋಗುವಷ್ಟು ಒಂದು ಬೆಳಕಿಂಡಿ. ಇನ್ನು ಯಾರೂ ಮುಟ್ಟಬಾರದು ಅಂತ ತಿಪ್ಪಮ್ಮ ಗೂಡನ್ನ ಒಳಗೆ ಒಯ್ದು ಆ ಕಿಂಡಿ ಕೆಳಗಿನ ಕಲ್ಲು ಕಟ್ಟೆ ಮೇಲಿಟ್ಟು, ಕಿಂಡಿಗೆ ಹಳೇ ಬಟ್ಟೆ ತುರುಕಿ, ಬಾಗಿಲಿಗೆ ಬೀಗ ಜಡಿದ್ಲಂತೆ. ಹೊನ್ನೂರಿ ಅವಳ ಕಾಲು ಹಿಡ್ಕೊಂಡ್ಲು. ಅತ್ತೆ, ಬ್ಯಾಡ ಅತ್ತೆ, ಅಲ್ಲಿ ಬೇಯ್ತವೆ ಅಂದ್ಲು. ತಿಪ್ಪಮ್ಮ ಕಾಲು ಬಿಡಿಸ್ಕೊಂಡ್ಲು. ಇಷ್ಟೊಂದು ಬೇಡ ಬೇಡ ಅಂತ ಯಾಕೆ ಅಂತೀಯ, ನಿನಗೇನು ನಷ್ಟ ಅಂತ ಕಣ್ಣು ಸಣ್ಣದು ಮಾಡಿ ಅವಳ ಮುಖ ನೋಡಿದ್ಲಂತೆ. ಅಲ್ಲೀವರೆಗೂ ಊರ ಮೇಲಿದ್ದ ಅನುಮಾನ ಆಗ ಸೊಸೆ ಮೇಲೆ ಬಂದು ಕೂತ್ಕೊಳ್ತು.

ಅದೇ ಮಧ್ಯಾಹ್ನ ತಿಪ್ಪಮ್ಮ ಕೀಲಿಗೊಂಚಲು ಸದ್ದಾಗದ ಹಂಗೆ ಸೆರಗಲ್ಲಿ ಸುತ್ಕೊಂಡು, ಬೆಕ್ಕಿನ ಹೆಜ್ಜೆ ಇಟ್ಕೊಂಡು ಮನೆ ಹಿಂದೆ ಹೋದ್ಲಂತೆ. ಅಲ್ಲಿ ಏನು ನೋಡ್ತಾಳೆ! ಹೊನ್ನೂರಿ ಕಿಂಡಿಯ ಬಟ್ಟೆ ಕಿತ್ತು, ಒಂದು ಕೈ ಒಳಗೆ ಹಾಕಿ, ಮುಖ ಕಿಂಡಿಗೇ ಒತ್ಕೊಂಡು ನಿಂತವ್ಳೆ. ಒದ್ದೆ ಬಟ್ಟೆಯಿಂದ ಸಣ್ಣಿ ಕಿವಿ ಸವರ್ತಾ ಸವರ್ತಾ ಏನೋ ಪಿಸಪಿಸ ಅಂತವ್ಳೆ. ಕೇಳಿದ್ದು ಒಂದೇ ಮಾತು, ತಡ್ಕೊ ನನ್ನವ್ವ, ಇನ್ನು ಸ್ವಲ್ಪ ಹೊತ್ತು ತಡ್ಕೊ ಅಂತ.

ಸಿಕ್ಕಿಬಿದ್ಯಲ್ಲೇ ಅಂತ ತಿಪ್ಪಮ್ಮ ರಟ್ಟೆ ಹಿಡಿದು ಎಳೆದ್ಲಂತೆ. ಹಗ್ಗ ಕುಯ್ದೋಳು ನೀನೇ, ಕಂಬಳಿ ತೆಗೆದೋಳು ನೀನೇ, ಈಗ ಕಿವೀಲಿ ಮಂತ್ರ ಹಾಕ್ತಿದ್ದೀಯಾ? ನನ್ನ ಮೇಲೆ ಚಾಡಿ ಹೇಳ್ತಿದ್ದೀಯಾ? ಏನು ತಡ್ಕೊ ಅಂದೆ, ಮುದುಕಿ ಸಾಯೋವರೆಗೂ ತಡ್ಕೊ ಅಂದ್ಯಾ? ಅತ್ತೆ, ಮೊಲಕ್ಕೆ ಮೈ ಬೆವರಲ್ಲ, ಸೆಕೆ ಆಚೆ ಹೋಗೋದು ಕಿವಿಯಿಂದ, ಅದಕ್ಕೇ ಕಿವಿ ಒದ್ದೆ ಮಾಡಿದೆ ಅಂತ ಹೊನ್ನೂರಿ ಅತ್ಕೊಂಡು ಹೇಳಿದ್ಲು. ತಿಪ್ಪಮ್ಮ ಕೇಳಿಸ್ಕೊಳ್ಳಲಿಲ್ಲ. ಕಿವಿಯಿಂದ ಸೆಕೆ ಹೋಗೋದು ಅಂದ್ರೆ ಕುರಿ ಮನೆಯೋಳು ನಂಬ್ತಾಳಾ? ನಡಿ ನಿನ್ನ ತವರಿಗೆ, ಪಾಲಯ್ಯ ಬರಲಿ, ನಾನು ಹೇಳ್ಕೊತೀನಿ ಅಂದ್ಲು. ಹೊನ್ನೂರಿ ಹಂಗಾದ್ರೆ ನನ್ನ ಮೊಲ ಕೊಡಿ ಅಂದ್ರೆ, ಬಳುವಳಿ ಅಂತ ಬಂದದ್ದು ಈ ಮನೇದು, ಇಲ್ಲೇ ಇರ್ತವೆ ಅಂದುಬಿಟ್ಲಂತೆ.

ಹೊನ್ನೂರಿ ಖಾಲಿ ಬುಟ್ಟಿ ಎತ್ಕೊಂಡು ಹೊರಟ್ಲು. ಹೊರಟೋಳಿಗೆ ಹೆಜ್ಜೆ ಮುಂದಕ್ಕೆ ಹೋಗಲಿಲ್ಲ. ಅಂಗಳದ ಬೇವಿನ ಮರದ ಬುಡದಲ್ಲೇ ಬುಟ್ಟಿ ತಬ್ಕೊಂಡು ಕೂತ್ಲಂತೆ.

ಆಮೇಲೆ ತಿಪ್ಪಮ್ಮ ಒಂದು ಯೋಚನೆ ಮಾಡಿದ್ಲು. ಇವಳು ಒಬ್ಬಳೇ ಅಲ್ಲ, ಜೊತೆಗೆ ಇನ್ಯಾರೋ ಇರ್ಬೇಕು, ಇವಳು ಹೋದ್ಲು ಅಂತ ಈಗ ಅವರು ಬಂದೇ ಬರ್ತಾರೆ, ಕೈಯಾರೆ ಹಿಡೀತೀನಿ ಅಂದ್ಕೊಂಡು ಕಿಂಡಿಗೆ ಬಟ್ಟೆ ತುರುಕಿ ಮೇಲೆ ಕೆಮ್ಮಣ್ಣು ಮೆತ್ತಿದ್ಲು, ಕೋಣೆ ಒಳಗೆ ಹೋಗಿ ಬಾಗಿಲಿಗೆ ಅಗುಳಿ ಹಾಕ್ಕೊಂಡ್ಲು, ಗೂಡಿನ ಪಕ್ಕ ಕೂತು ತನ್ನ ಮೇಲೂ ಗೂಡಿನ ಮೇಲೂ ಸೇರಿಸಿ ಕರಿ ಕಂಬಳಿ ಹೊದ್ಕೊಂಡ್ಲಂತೆ. ಕಳ್ಳ ಬರಲಿ ನೋಡ್ತೀನಿ ಅಂತ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯ್ತಾ ಕೂತ್ಲು.

ಕಳ್ಳ ಬಂದನಂತೆ ಕೂಸೇ. ಬಾಗಿಲು ತೆಗೀದೆ, ಸದ್ದು ಮಾಡದೆ, ಮೇಲಿನ ಚಪ್ಪಡಿಯಿಂದ ಇಳಿದು ಬಂದ. ಮೊದಲು ತಿಪ್ಪಮ್ಮನ ಹಣೆ ಮುಟ್ಟಿದ, ಬೆವರು ಬಂತು. ಕುತ್ತಿಗೆ ಮುಟ್ಟಿದ, ರವಿಕೆ ತೊಯ್ತು. ಇದ್ಯಾರು, ಉಸಿರಾಡೋಕೇ ಬಿಡಲ್ಲ ಅಂತಾನಲ್ಲ ಅಂದ್ಕೊಂಡ್ಲು. ಬಾಗಿಲು ನೋಡಿದ್ಲು, ಹಾಕಿದ ಅಗುಳಿ ಹಂಗೇ ಐತೆ. ಕಿಂಡಿ ನೋಡಿದ್ಲು, ಮೆತ್ತಿದ ಮಣ್ಣು ಹಂಗೇ ಐತೆ. ಹೊರಗಿಂದ ಒಂದು ಇರುವೆನೂ ಒಳಗೆ ಬಂದಿಲ್ಲ. ಆಮೇಲೆ ಗೂಡಿನ ಕಡೆ ತಿರುಗಿದ್ಲು. ಸಣ್ಣಿ ಉದ್ದಕ್ಕೆ ಚಾಚ್ಕೊಂಡು ಬಿದ್ದಿತ್ತಂತೆ, ಕಿವಿ ಕೆಂಪಗೆ, ಮುಟ್ಟಿದ್ರೆ ಕೆಂಡ. ನನಗಾದ್ರೂ ಬೆವರು ಬರ್ತಾ ಐತೆ, ಇದರ ಮೈಮೇಲೆ ಒಂದು ಹನಿ ಇಲ್ವಲ್ಲ ಅಂತ ಕೈ ಹಾಕಿ ಹಾಕಿ ನೋಡಿದ್ಲು. ಅನುಮಾನ ಪಡೋಕೆ ಆ ಕೋಣೇಲಿ ಯಾರೂ ಉಳಿದಿರ್ಲಿಲ್ಲ. ಇದ್ದದ್ದು ಮೂರು ಮೊಲ, ಒಂದು ಕಂಬಳಿ, ಒಂದು ಅಗುಳಿ, ಅದನ್ನ ಹಾಕಿದ ತಿಪ್ಪಮ್ಮ.

ಆಗ ಅವಳಿಗೆ ಹೊಳೀತಂತೆ. ಅಯ್ಯೋ, ಕಳ್ಳನಿಗೆ ಮೂರು ಸಲವೂ ಬಾಗಿಲು ತೆಗೆದುಕೊಟ್ಟೋಳು ನಾನೇ ಅಲ್ವಾ ಅಂತ. ಅಗುಳಿ ತೆಗೆಯೋಣ ಅಂತ ಎದ್ಲು, ಕಾಲು ಮೇಲೇಳಲಿಲ್ಲ. ಹೊನ್ನೂರೀ ಅಂತ ಕೂಗೋಣ ಅಂತ ಬಾಯಿ ತೆರೆದ್ಲು, ನಾಲಗೆ ಒಣಗಿ ಅಂಟ್ಕೊಂಡಿತ್ತು, ಧ್ವನಿಯೇ ಬರಲಿಲ್ಲ. ಊರೇ ನಡುಗೋ ಬಾಯಿ ಅದು, ಪಿಟಕ್ ಅನ್ನಲಿಲ್ಲ. ಹಂಗಾದ್ರೆ ಇವೂ ಹಿಂಗೇ ಕೂಗೋಕಾಗದೆ ಬಿದ್ದಿದ್ವಾ, ಮುಚ್ಚಿಡೋಕೆ ಇವುಗಳ ಹತ್ರ ಏನೂ ಇರಲೇ ಇಲ್ವಾ ಅಂತ ಅವಳಿಗೆ ಅಳು ಬಂತಂತೆ. ತನ್ನ ಕಣ್ಣೀರಲ್ಲೇ ಬೆರಳು ಅದ್ದಿ ಸಣ್ಣಿ ಕಿವಿಗೆ ಸವರಿದ್ಲಂತೆ.

ಇತ್ತ ಬೇವಿನ ಮರದ ಕೆಳಗೆ ಹೊನ್ನೂರಿ ಕಿವಿ ನಿಮಿರಿಸಿ ಕೂತಿದ್ಲು. ಬೊಮ್ಮಕ್ಕ ಬೇಲಿ ಆಚೆಯಿಂದ ಯಾಕೆ ಹುಡುಗಿ ಇಲ್ಲಿ ಕೂತೆ ಅಂದ್ಲು. ಬೊಮ್ಮಕ್ಕಾ, ನಮ್ಮತ್ತೆ ಬೈಯ್ಯೋದು ಕೇಳಿಸ್ತಿಲ್ಲ ಅಂದ್ಲಂತೆ ಹೊನ್ನೂರಿ. ಮಲಗಿರ್ಬೇಕು ಬಿಡು ಅಂದ್ಲು ಬೊಮ್ಮಕ್ಕ. ಮಲಗಿದ್ರೂ ಬೈತಾರೆ, ಕೀಲಿ ಸದ್ದೂ ಇಲ್ಲ, ನನಗೇನೋ ಅನುಮಾನ ಅಂದ್ಲಂತೆ. ಆ ಮನೇಲಿ ಅಷ್ಟು ದಿನ ಪಟ್ಟ ಅನುಮಾನದಲ್ಲಿ ಸರಿಯಾಗಿದ್ದದ್ದು ಅದೊಂದೇ ನೋಡು.

ಇಬ್ಬರೂ ಓಡಿದ್ರು, ಬಾಗಿಲು ಬಡಿದ್ರು, ಉತ್ತರ ಇಲ್ಲ. ಬೊಮ್ಮಕ್ಕ ಹಾರೆ ತಂದು ಬಾಗಿಲ ಬುಡಕ್ಕೆ ಕೊಟ್ಟು ಮೀಟಿದ್ಲು, ಒಂದು ಸಲ ಮೀಟಿದ್ಲು ಅಲ್ಲಾಡಲಿಲ್ಲ, ಎರಡನೇ ಸಲ ಕಿರ್ ಅಂತು, ಮೂರನೇ ಸಲ ಬಾಗಿಲೇ ಕಿತ್ಕೊಂಡು ಬಂತಂತೆ. ಒಳಗಿನ ಸೆಕೆ ಮುಖಕ್ಕೆ ರಾಚಿತು. ತಿಪ್ಪಮ್ಮನ್ನ ಹೊತ್ಕೊಂಡು, ಗೂಡು ಎಳ್ಕೊಂಡು ಮರದ ನೆರಳಿಗೆ ತಂದ್ರು. ಬೊಮ್ಮಕ್ಕ ಬಾವಿಯ ತಣ್ಣೀರು ಕೊಡ ತುಂಬ ತಂದು ಮೊಲದ ಮೇಲೆ ಸುರಿಯೋಕೆ ಹೋದ್ಲು. ಹೊನ್ನೂರಿ ಕೈ ಅಡ್ಡ ಹಿಡಿದ್ಲು. ಬ್ಯಾಡಕ್ಕಾ, ಕಾದ ಮೈಗೆ ಒಂದೇ ಸಲ ತಣ್ಣೀರು ಸುರಿದ್ರೆ ಜೀವ ಬೆಚ್ಚಿಬೀಳ್ತದೆ, ನಿಧಾನ, ಮೊದಲು ಕಿವಿ ಅಂದ್ಲಂತೆ. ಹಾಲಿಗೆ ಕಿವಿ ಒದ್ದೆ ಮಾಡಿದ್ರು, ಎದ್ದು ಕೂತ್ಕೊಳ್ತು. ಬೂದಿಗೆ ಒದ್ದೆ ಮಾಡಿದ್ರು, ಅದೂ ಎದ್ದು ಕೂತ್ಕೊಳ್ತು. ತಿಪ್ಪಮ್ಮನಿಗೆ ಗುಟುಕು ಗುಟುಕಾಗಿ ನೀರು ಕುಡಿಸಿ ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿದ್ರು, ಅವಳೂ ಕಣ್ಣು ಬಿಟ್ಲು. ಸಣ್ಣಿ ಮಾತ್ರ ಏಳಲಿಲ್ಲ.

ತಿಪ್ಪಮ್ಮ ಆ ಬಟ್ಟೆ ತನ್ನ ಕುತ್ತಿಗೆಯಿಂದ ಕಿತ್ಕೊಂಡ್ಲು. ಸಣ್ಣಿನ ಮಡಿಲಿಗೆ ಹಾಕ್ಕೊಂಡು, ಅದರಲ್ಲೇ ಕಿವಿ ಸವರ್ತಾ, ಸವರ್ತಾ, ಬಾಯಿ ಅದರ ಕಿವಿ ಹತ್ರ ಒಯ್ದು ಏನೋ ಪಿಸಪಿಸ ಅಂದ್ಲಂತೆ. ಬೊಮ್ಮಕ್ಕ ಬಿಡ್ತಾಳಾ, ಏನ್ ತಿಪ್ಪಕ್ಕಾ, ಅದರ ಕಿವೀಲಿ ಏನು ಹೇಳ್ತಿದ್ದೀಯ, ಮಂತ್ರಾನಾ ಅಂತ ಕೇಳಿದ್ಲು. ಚಾಡಿ ಹೇಳ್ತಿದ್ದೀನಿ ಕಣೇ ಅಂದ್ಲಂತೆ ತಿಪ್ಪಮ್ಮ. ಯಾರ ಮೇಲೆ ಅಂದ್ರೆ, ನನ್ನ ಮೇಲೇನೇ, ಇನ್ಯಾರ ಮೇಲೆ ಅಂತ ಹೇಳಿ ಗೊಳೋ ಅಂತ ಅತ್ತುಬಿಟ್ಲಂತೆ. ಅಳ್ತಾ ಅಳ್ತಾ ಹೊನ್ನೂರಿ ಕೈ ಹಿಡ್ಕೊಂಡು, ತಪ್ಪಾಯ್ತು ಮಗಳೇ, ತವರಿಗೆ ಹೋಗಬ್ಯಾಡ, ನೀನು ಹೋದ್ರೆ ನಾವು ನಾಲ್ಕೂ ಜೀವ ಉಳಿಯಲ್ಲ ಅಂದ್ಲು. ಅತ್ತೆ ಕೈ ಮೇಲೆ ಕೈ ಇಟ್ಟು ಹೊನ್ನೂರಿನೂ ಸಣ್ಣಿ ಕಿವಿ ಸವರೋಕೆ ಕೂತ್ಲು. ಸ್ವಲ್ಪ ಹೊತ್ತಾಯ್ತು. ಮೊದಲು ಮೂಗು ಆಡಿತಂತೆ. ಆಮೇಲೆ ಮೀಸೆ. ಆಮೇಲೆ ಆ ಸಣ್ಣಿ ಎದ್ದು, ತೂರಾಡ್ಕೊಂಡು ಇಳಿದು ಹೋಗಿ, ತಿಪ್ಪಮ್ಮನ ಪಾದ ಹುಡುಕ್ಕೊಂಡು ಹತ್ತಿ ಕೂತ್ಕೊಳ್ತಂತೆ.

ಅವತ್ತಿಂದ ಗೂಡು ಬೇವಿನ ನೆರಳಲ್ಲೇ. ಗೂಡಿನ ಒಂದು ಕಡೆಗೆ ಮಾತ್ರ ಒದ್ದೆ ಗೋಣಿಚೀಲ, ಉಳಿದ ಕಡೆ ಗಾಳಿ ಆಡೋಕೆ ಬಿಟ್ಟದ್ದು. ಒದ್ದೆ ಮರಳಲ್ಲಿ ಅಡ್ಡ ಮಲಗಿಸಿದ ಮಣ್ಣಿನ ಮಡಕೆ, ಮಧ್ಯಾಹ್ನ ಒಳಗೆ ಹೋಗಿ ಮಲಗೋಕೆ. ಉರುಳಿಸೋಕಾಗದಷ್ಟು ದಪ್ಪ ಕಲ್ಲು ಮರಿಗೇಲಿ ನೀರು, ತೊಳೆದು ನೀರು ತೊಟ್ಟಿಕ್ಕೋ ಹಂಗೇ ಹಾಕಿದ ಸೊಪ್ಪು. ಗೋಣಿ ಗಾಳಿಗೆ ಹಾರಬಾರದು ಅಂತ ಮೇಲೊಂದು ಭಾರ ಬೇಕಿತ್ತು. ತಿಪ್ಪಮ್ಮ ಸೊಂಟದಿಂದ ಆ ಕೀಲಿಗೊಂಚಲು ಬಿಚ್ಚಿ ಅದರ ತುದಿಗೆ ಕಟ್ಟಿಬಿಟ್ಲಂತೆ.

ಅನುಮಾನ ಬಿಟ್ಲಾ ಅಂತೀಯಾ? ಎಲ್ಲಿ ಬಿಡ್ತಾಳೆ! ಮಳೆ ಬಿದ್ದು ಪಾಲಯ್ಯ ಕುರಿ ಹೊಡ್ಕೊಂಡು ಬಂದಾಗ ಮೋಡ ಸರಿದು ಒಂಚೂರು ಬಿಸಿಲು ಬಿದ್ದಿತ್ತಂತೆ. ಅವನವ್ವ ಅಂಗಳದಲ್ಲಿ ನಿಂತು, ಸೊಂಟದ ಮೇಲೆ ಕೈ ಇಟ್ಕೊಂಡು, ಆಕಾಶ ನೋಡ್ಕೊಂಡು ಬೈತಿದ್ಲು. ಎಲ್ಲಿಗೆ ಬರ್ತಿದ್ದೀಯೋ ಕಳ್ಳ, ಮೆಲ್ಲಗೆ ಸರ್ಕೊಂಡು ಬಂದ್ರೆ ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ ಅಂತ ಸೂರ್ಯನಿಗೆ ಹೇಳಿ, ಗೂಡನ್ನ ನೆರಳಿಗೆ ಸರಿಸ್ತಿದ್ಲು. ಇನ್ನೊಂದು ತುದಿ ಹಿಡಿದಿದ್ದೋಳು ಹೊನ್ನೂರಿ. ಅತ್ತೆ ಸೊಸೆ ಇಬ್ಬರೂ ನಗ್ತಾ ಇರೋದು ನೋಡಿ ಪಾಲಯ್ಯ ಹೊಸ್ತಿಲಲ್ಲೇ ನಿಂತುಬಿಟ್ಟನಂತೆ. ಇವರಿಬ್ರೂ ಸೇರ್ಕೊಂಡು ಏನೋ ಮಾಡವ್ರೆ ಅಂತ ಅವನಿಗೆ ಭಾರಿ ಅನುಮಾನ.

ಅವರು ಬೇವಿನ ನೆರಳಲ್ಲಿ ತಣ್ಣಗಿದ್ರು, ನಾವು ನಮ್ಮ ಹಾಸಿಗೇಲಿ, ನನ್ನ ಕತೆ ಇಲ್ಲಿಗೆ ಮುಗೀತು. ಏನೇ, ಹೂಂ ಅನ್ನಲ್ವಾ? ಇಷ್ಟು ಸುಮ್ಮನಿದ್ದೀಯ ಅಂದ್ರೆ ನಿದ್ದೇನಾ, ನಾಟಕಾನಾ? ತಡಿ, ಕಿವಿ ಮುಟ್ಟಿ ನೋಡ್ತೀನಿ. ಹ್ಞಾಂ, ತಣ್ಣಗೈತೆ. ಮಲಕ್ಕೊ ನನ್ನವ್ವ.